ಆಕಾಶ ನೋಡುವ ಮೀನು

ಮನುಷ್ಯ ಎರಡು ಕಾಲ ಮೇಲೆ ನೆಟ್ಟಗೆ ನಿಂತದ್ದು ಯಾಕೆ? ತಲೆಯೆತ್ತಿ ಆಕಾಶ ನೋಡಲಿಕ್ಕೆ ಎನ್ನುವವರು ಹಿಂದಿನ ಗ್ರೀಕರಲ್ಲಿ ಇದ್ದರು. ಈ ಮಾತು ಕೇಳಿ ಕ್ರಿ.ಶ. 2ನೇ ಶತಮಾನದ ವೈದ್ಯ ಗ್ಯಾಲೆನ್‌ಗೆ ನಗು ಬಂತು. ರೋಮಿನ ಚಕ್ರವರ್ತಿ ಮಾರ್ಕಸ್ ಅರೇಲಿಯಸ್‌ನ ನಾಡಿ ಹಿಡಿದವನು ಅವನು, ಮಂಗ ಹಂದಿಗಳನ್ನು ಕೊಯ್ದು ಒಳಗೆ ಏನಿದೆ ಎಂದು ಕಣ್ಣಾರೆ ಕಂಡವನು. ದೇಹದ ಅಂಗಗಳ ಉಪಯೋಗದ ಕುರಿತು ಬರೆದ ದೊಡ್ಡ ಗ್ರಂಥದಲ್ಲಿ ಈ ವಾದಕ್ಕೆ ಅವನು ಒಂದು ಮೀನನ್ನು ಎದುರಿಟ್ಟ. ಹೀಗೆ ಹೇಳುವವರು ಯುರನೋಸ್ಕೋಪಸ್ ಎಂಬ ಮೀನನ್ನು ಕಂಡೇ ಇಲ್ಲ. ಅದು ಬೇಡವೆಂದರೂ ಸದಾ ಆಕಾಶವನ್ನೇ ನೋಡುತ್ತಿರುತ್ತದೆ, ಮನುಷ್ಯನಾದರೋ ಕತ್ತನ್ನು ಹಿಂದಕ್ಕೆ ವಾಲಿಸದೆ ಆಕಾಶ ಕಾಣಲಾರ ಎಂಬುದು ಅವನ ಮಾತಿನ ಸಾರ.

ಮೆಡಿಟರೇನಿಯನ್ ಕಡಲಿನ ಮರಳಿನಲ್ಲಿ ಆ ಮೀನು ಇಂದಿಗೂ ಇದೆ. ಮೊಳದುದ್ದವೂ ಬೆಳೆಯದ, ದಪ್ಪ ಚಪ್ಪಟೆ ತಲೆಯ, ಕಂದುಬಣ್ಣದ ಮೀನು. ಎರಡು ಪುಟ್ಟ ಕಣ್ಣುಗಳೂ ನೆತ್ತಿಯ ಮೇಲಿವೆ. ಬಾಯಿಯೂ ಮುಂದಕ್ಕಿಲ್ಲ, ಮೇಲಕ್ಕೆ ತೆರೆಯುತ್ತದೆ. ಪಕ್ಕದ ಅಗಲ ರೆಕ್ಕೆಗಳಿಂದ ಮರಳನ್ನು ಕೆದರಿ, ಮೈ ಅಲುಗಿಸುತ್ತ ಒಳಗಿಳಿದು ಕೂತಿತೆಂದರೆ ಹೊರಗೆ ಉಳಿಯುವುದು ಎರಡು ಕಣ್ಣು ಮತ್ತು ತುಟಿಯ ಗೆರೆ, ಅಷ್ಟೇ. ತುಟಿಯ ಅಂಚಿಗೆ ಸಣ್ಣ ಕುಚ್ಚುಗಳಿವೆ. ಉಸಿರಿಗೆ ನೀರೆಳೆದುಕೊಳ್ಳುವಾಗ ಮರಳು ಒಳಗೆ ಹೋಗದಂತೆ ತಡೆಯುವ ಜರಡಿ ಅದು. ಕೆಳದವಡೆಯ ಒಳಗಿಂದ ಹುಳುವಿನಂಥದೊಂದು ಮಾಂಸದ ಎಳೆಯನ್ನು ಆಗಾಗ ಹೊರಚಾಚಿ ಕುಣಿಸುತ್ತದೆ. ಹುಳುವೆಂದು ನಂಬಿ ಹತ್ತಿರ ಬಂದ ಮರಿಮೀನಿಗೆ ಏನಾಯಿತೆಂದು ತಿಳಿಯುವಷ್ಟರಲ್ಲಿ ಬಾಯಿ ಅಗಲವಾಗಿ ತೆರೆದಿರುತ್ತದೆ, ನೀರಿನ ಜೊತೆಗೇ ಮೀನೂ ಒಳಗೆ. ಆಮೇಲೆ ಮತ್ತೆ ಅದೇ ಭಂಗಿ, ಅದೇ ಊರ್ಧ್ವದೃಷ್ಟಿ.

ಇದಕ್ಕೆ ನಮ್ಮಲ್ಲಿ ಬಕಧ್ಯಾನ ಎಂದುಬಿಡುವುದು ಸುಲಭ. ಆದರೆ ಕೊಕ್ಕರೆಗೂ ಈ ಮೀನಿಗೂ ಆ ಮಾತಿನಿಂದ ಅನ್ಯಾಯವೇ. ಧ್ಯಾನಕ್ಕೆ ಕೂತಿದ್ದೇನೆಂದು ಎರಡೂ ಹೇಳಿಲ್ಲ, ಹಾಗೆ ಅಂದುಕೊಂಡವರು ದಡದ ಮೇಲೆ ನಿಂತು ನೋಡಿದ ನಾವು. ಕಣ್ಣು ಮುಚ್ಚಿದವನು ಭಕ್ತ, ತಲೆ ಬಗ್ಗಿಸಿದವನು ವಿನಯವಂತ, ಆಕಾಶ ದಿಟ್ಟಿಸುವವನು ದಾರ್ಶನಿಕ ಎಂದು ಭಂಗಿ ನೋಡಿಯೇ ಅಂಕ ಕೊಡುವ ಚಾಳಿ ನಮ್ಮದು. ಫೋಟೊ ತೆಗೆಸಿಕೊಳ್ಳುವಾಗ ಗಲ್ಲಕ್ಕೆ ಕೈಯಾನಿಸಿ ದೂರಕ್ಕೆ ನೋಡುವ ಲೇಖಕರೂ (ನಮ್ಮ ಪೈಕಿಯವರೇ) ಇದನ್ನು ಬಲ್ಲರು. ಗ್ಯಾಲೆನ್‌ಗೂ ಮುಂಚೆ ಪ್ಲೇಟೊ ತನ್ನ ‘ರಿಪಬ್ಲಿಕ್’ನಲ್ಲಿ ಸಾಕ್ರಟೀಸನ ಬಾಯಿಂದ ಇದನ್ನೇ ಆಡಿಸಿದ್ದ. ಅಂಗಾತ ಮಲಗಿ ಬಾಯಿಬಿಟ್ಟು ಮೇಲೆ ನೋಡಿದ ಮಾತ್ರಕ್ಕೆ ಬುದ್ಧಿ ಮೇಲೇರುವುದಿಲ್ಲ ಎಂದು ಅಲ್ಲಿ ಗ್ಲಾಕನ್ ಎಂಬ ಯುವಕನನ್ನು ಸಾಕ್ರಟೀಸ್ ಕಿಚಾಯಿಸುತ್ತಾನೆ.

ಭಂಗಿಯ ಮೇಲಿನ ಈ ನಂಬಿಕೆ ಔಷಧದವರೆಗೂ ಹಬ್ಬಿರಬಹುದೆಂದು ನನ್ನ ಗುಮಾನಿ. ಈ ಮೀನಿನ ಪಿತ್ತ ಕಣ್ಣಿನ ರೋಗಕ್ಕೆ ಮದ್ದು ಎಂದು ರೋಮಿನ ಪ್ಲಿನಿ 1ನೇ ಶತಮಾನದಲ್ಲಿ ಬರೆದಿಟ್ಟಿದ್ದಾನೆ. ಕಣ್ಣಿನದೇ ನಿಜವಾದ ವಿಸ್ಮಯ ಬೇಕಿದ್ದರೆ ಅಟ್ಲಾಂಟಿಕ್ ದಾಟಿ ಅಮೆರಿಕದ ತೀರಕ್ಕೆ ಹೋಗಬೇಕು. ಅಲ್ಲಿರುವ ಇದರ ದಾಯಾದಿಗಳಲ್ಲಿ ಕಣ್ಣು ತಿರುಗಿಸುವ ಸ್ನಾಯುವಿನ ಒಂದು ಭಾಗವೇ ವಿದ್ಯುತ್ ಹುಟ್ಟಿಸುವ ಅಂಗವಾಗಿ ಮಾರ್ಪಟ್ಟಿದೆ. ಅವುಗಳ ಮರಿಗಳೇನೂ ಮರಳಿನಲ್ಲಿ ಹೂತಿರುವುದಿಲ್ಲ, ತೆರೆದ ನೀರಿನಲ್ಲಿ ಈಜಾಡಿಕೊಂಡಿರುತ್ತವೆ. ಕಣ್ಣುಗಳೂ ಆಗ ಎಲ್ಲ ಮೀನುಗಳಂತೆ ಅಕ್ಕಪಕ್ಕದಲ್ಲೇ. ಬೆಳೆದು ತಳಕ್ಕಿಳಿಯುವ ಹೊತ್ತಿಗೆ ಕಣ್ಣುಗಳು ನೆತ್ತಿಗೇರುತ್ತವೆ. ಕೆಳಗಿಳಿದ ಮೇಲೆಯೇ ಮೇಲೆ ನೋಡುವ ಹಣೆಬರಹ!

ಇಷ್ಟೆಲ್ಲ ಅಡಗುವ ವಿದ್ಯೆ ಕಲಿತರೂ ತಳ ಗೋರುವ ಟ್ರಾಲ್ ಬಲೆಯ ಮುಂದೆ ಅದು ನಡೆಯುವುದಿಲ್ಲ. ನಮ್ಮ ಮಲ್ಪೆ, ಮಂಗಳೂರಿನ ಬಂದರುಗಳಲ್ಲಿ ರಾಶಿ ಬೀಳುವ ಅರಣೆ ಮೀನೂ ಮರಳಿನ ಬಣ್ಣದಲ್ಲಿ ಹೊಂಚುಹಾಕಿ ಕೂರುವ ಜಾತಿಯದೇ. ಫ್ರಾನ್ಸಿನ ಮಾರ್ಸೇಯಲ್ಲಿ ಗ್ಯಾಲೆನ್‌ನ ಮೀನಿಗೆ ಇನ್ನೂ ಮರ್ಯಾದೆಯಿದೆ. ಅಲ್ಲಿನ ಹೆಸರಾಂತ ಮೀನಿನ ಸಾರು ಬುಯಬೇಸ್. ಯಾರ್ಯಾರೋ ಏನೇನೋ ಹಾಕಿ ಅದರ ಹೆಸರು ಕೆಡಿಸುತ್ತಿದ್ದಾರೆಂದು 1980ರಲ್ಲಿ ಹೋಟೆಲಿನವರು ಸೇರಿ ಒಂದು ಒಪ್ಪಂದ ಬರೆದುಕೊಂಡರು. ಅದರಲ್ಲಿ ಹೆಸರಿಸಿದ ಮೀನುಗಳಲ್ಲಿ ಇದೂ ಒಂದು. ಮರಳಿನಲ್ಲಿ ಹೂತು ಕೂರುವ ಇನ್ನೊಂದು ಮೀನು, ತಲೆಯ ಮೇಲೆ ಗಾಳ ಆಡಿಸುವ ಮತ್ತೊಂದು ಮೀನು ಕೂಡ ಅದೇ ಪಟ್ಟಿಯಲ್ಲಿವೆ. ಹೊಂಚುಗಾರರೆಲ್ಲ ಒಂದೇ ಪಾತ್ರೆಗೆ. ಸಾರು ಬೇರೆ, ಮೀನು ಬೇರೆ ಬಡಿಸಬೇಕು, ಮೀನನ್ನು ಉಣ್ಣುವವರ ಎದುರೇ ಕತ್ತರಿಸಬೇಕು ಎಂದೂ ಆ ಒಪ್ಪಂದದಲ್ಲಿದೆ.