ಕುಡುಗೋಲೂ ಲೇಖನಿಯೂ

ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಸಿಂಧನೂರು ಸೀಮೆಯು ಬತ್ತದ ಕಣಜವಾಯಿತಷ್ಟೆ. ಅಲ್ಲಿ ಮೊದಲು ಸುಗ್ಗಿಯೆಂದರೆ ಕುಡುಗೋಲು ಹಿಡಿದ ಆಳುಗಳ ಸಾಲು. ಈಗ ಕೊಯ್ಯುವುದು, ಒಕ್ಕುವುದು, ಕಾಳು ಬೇರ್ಪಡಿಸುವುದು ಎಲ್ಲವನ್ನೂ ಬಹುಮಟ್ಟಿಗೆ ಯಂತ್ರವೊಂದೇ ತೀರಿಸುವುದು. ಬಾಗಿದ ಬೆನ್ನಿಗೆ ವಿಶ್ರಾಂತಿ ದೊರೆತುದು ಒಳ್ಳೆಯದೇ ಸರಿ. ಆದರೆ ನೋವಿನೊಡನೆ ಕೂಲಿಯೂ ಹೋಯಿತು. ಯಂತ್ರವು ಉಳಿಸಿದ ಶ್ರಮದ ಫಲವು ಯಾರಿಗೆ ಸಲ್ಲತಕ್ಕದ್ದೆಂದು ಓದುಬಲ್ಲ ನಾವು ಅಂದು ಕೇಳಲಿಲ್ಲ. ಅದು ಕಾಲಧರ್ಮವೆಂದು ಸುಮ್ಮನಾದೆವು.

ಇಂದು ಕೃತಕ ಬುದ್ಧಿಮತ್ತೆಯು ಪತ್ರವನ್ನು ಬರೆಯುವುದು, ಲೆಕ್ಕವನ್ನು ಒಪ್ಪಿಸುವುದು, ಭಾಷಾಂತರವನ್ನೂ ಮಾಡುವುದು. ಗುಮಾಸ್ತನೂ ಉಪಾಧ್ಯಾಯನೂ ಕಳವಳಗೊಂಡಿರುವರು. ಕುಡುಗೋಲು ಹೋದಾಗ ಕಾಲಧರ್ಮವೆಂದವರು ಲೇಖನಿಗೆ ಕುತ್ತು ಬಂದಾಗ ಅಧರ್ಮವೆಂದು ಕೂಗುವುದು ಯಾವ ನ್ಯಾಯ? ನಾನೂ ಅವರಲ್ಲೊಬ್ಬನೆಂದು ನಾಚಿಕೆಯಿಂದಲೇ ಒಪ್ಪುವೆನು.

1915ರಲ್ಲಿ ಚಿನ್ನದ ನಿಕ್ಷೇಪವನ್ನರಸುತ್ತಿದ್ದ ಇಂಜಿನಿಯರ್ ಬೀಡನ್ನನು ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಕಂಡನು. ಶ್ರೇಯಸ್ಸು ದೊಡ್ಡವರ ಸೊತ್ತು ಮಾತ್ರವಲ್ಲ, ಸಣ್ಣವರಿಗೂ ಸಾಧ್ಯವೆಂಬುದು ಅದರ ಒಂದು ತಾತ್ಪರ್ಯ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ದೊರೆಯುವ ಚಿನ್ನಕ್ಕೆ ಒರೆಗಲ್ಲುಂಟು. ಯಂತ್ರಕ್ಕೆ ಈ ಬಂಡೆಯ ಮಾತೇ ಒರೆಗಲ್ಲಾಗಲಿ. ಅದು ಉಳಿಸಿದ ಹೊತ್ತಿನಲ್ಲಿಯೂ ಗಳಿಸಿದ ಹಣದಲ್ಲಿಯೂ ಕುಡುಗೋಲಿನವಳಿಗೆ ಮೊದಲು ಪಾಲು ದೊರೆಯಲಿ. ಆಮೇಲೆ ಲೇಖನಿಯವರಾದ ನಾವು ನಮ್ಮ ಪಾಲನ್ನು ಕೇಳೋಣ.