ಮುಪ್ಪಿನ ಮರೆವು ಅತಿಚಾರವೇ?

ಸಂಜೆಯ ಊಟ ಸೂರ್ಯಾಸ್ತಕ್ಕೆ ಮೊದಲೇ ಮುಗಿದಿದೆ. ರಾತ್ರಿ ಎಂಟು ಗಂಟೆಯ ಹೊತ್ತಿಗೆ ಮನೆಯ ಹಿರಿಯರು ಅಡುಗೆಮನೆಯ ಬಾಗಿಲಿಗೆ ಬಂದು, "ನನ್ನನ್ನು ಊಟಕ್ಕೇ ಕರೆಯಲಿಲ್ಲವಲ್ಲ" ಎನ್ನುತ್ತಾರೆ. "ಮಾವ, ಆಗಲೇ ಊಟವಾಯಿತಲ್ಲ" ಎಂದು ಸೊಸೆ ನೆನಪಿಸಿದರೆ ನಂಬುವುದಿಲ್ಲ. ನಲವತ್ತು ವರ್ಷ ರಾತ್ರಿಭೋಜನ ತ್ಯಾಗದ ನಿಯಮವನ್ನು ತಪ್ಪದೆ ಪಾಲಿಸಿದವರು ಇವರು. ಇಂಥ ದೃಶ್ಯ ಇಂದು ಅನೇಕ ಶ್ರಾವಕರ ಮನೆಗಳಿಗೆ ಅಪರಿಚಿತವಲ್ಲ. ಆ ಮನೆಗಳಲ್ಲಿ ಏಳುವ ಪ್ರಶ್ನೆಯೂ ಒಂದೇ: ಹಿರಿಯರ ವ್ರತಕ್ಕೆ ದೋಷ ತಗುಲಿತೇ? ತಗುಲಿದರೆ ಅದು ಯಾರದು?

ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ತತ್ತ್ವಾರ್ಥಸೂತ್ರದ ೭ನೆಯ ಅಧ್ಯಾಯದಲ್ಲಿ ವ್ರತಗಳ ಅತಿಚಾರಗಳನ್ನು ಎಣಿಸುವಾಗ ಮರೆವನ್ನೂ ಸೇರಿಸಲಾಗಿದೆ. ದಿಗ್ವ್ರತದಲ್ಲಿ ತಾನೇ ಹಾಕಿಕೊಂಡ ಎಲ್ಲೆಯನ್ನು ಮರೆಯುವುದು ಸ್ಮೃತ್ಯಂತರಾಧಾನ. ಸಾಮಾಯಿಕ ಮತ್ತು ಪ್ರೋಷಧೋಪವಾಸಗಳಲ್ಲಿ ನೆನಪು ತಪ್ಪುವುದು ಸ್ಮೃತ್ಯನುಪಸ್ಥಾನ. ಮೇಲ್ನೋಟಕ್ಕೆ ಮುಪ್ಪಿನ ಮರೆವೂ ಇದೇ ಸಾಲಿಗೆ ಸೇರಬೇಕು. ಆದರೆ ಈ ಎರಡನೆಯ ದೋಷದ ಮಗ್ಗುಲಲ್ಲಿಯೇ ಅನಾದರವೆಂಬ ದೋಷವನ್ನು ಹೇಳಿರುವುದು ಗಮನಾರ್ಹ. ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ಅದೇ ಅಧ್ಯಾಯ ಪ್ರಮಾದವನ್ನೇ ಮೂಲವಾಗಿ ಹಿಡಿದಿದೆ. ಆದುದರಿಂದ ಮರೆತವನು ಅಲಕ್ಷ್ಯದಿಂದ ಮರೆತನೋ, ನೆನಪಿಡುವ ಸಾಧನವೇ ಸವೆದುದರಿಂದ ಮರೆತನೋ ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ.

ಮತಿಜ್ಞಾನವು ಇಂದ್ರಿಯ ಮತ್ತು ಮನಸ್ಸುಗಳ ನಿಮಿತ್ತದಿಂದ ಉಂಟಾಗುತ್ತದೆಂದೂ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಹಂತಗಳಲ್ಲಿ ನೆಲೆಗೊಳ್ಳುತ್ತದೆಂದೂ ಶಾಸ್ತ್ರ ಹೇಳುತ್ತದೆ. ಧಾರಣೆಯೇ ಮುಂದಿನ ಸ್ಮೃತಿಗೆ ಕಾರಣ. ನಿಮಿತ್ತ ಕುಂದಿದರೆ ಧಾರಣೆಯೂ ಕುಂದುವುದು ಸಹಜ. ಅದು ಶರೀರದಲ್ಲಿ ಹೇಗೆ ಕುಂದುತ್ತದೆ ಎಂಬುದನ್ನು ಆಧುನಿಕ ವಿಜ್ಞಾನ ತಕ್ಕಮಟ್ಟಿಗೆ ತಿಳಿಸಿಕೊಟ್ಟಿದೆ.

ಮಿದುಳಿನ ಎರಡೂ ಪಾರ್ಶ್ವಗಳಲ್ಲಿ, ಕಿವಿಗಳ ನೇರಕ್ಕೆ ಒಳಭಾಗದಲ್ಲಿ, ಹಿಪೊಕ್ಯಾಂಪಸ್ ಎಂಬ ಚಿಕ್ಕ ಭಾಗವಿದೆ. ೧೯೫೩ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ೨೭ ವರ್ಷದ ಯುವಕನ ಮೂರ್ಛೆರೋಗವನ್ನು ನಿವಾರಿಸಲೆಂದು ವೈದ್ಯರು ಎರಡೂ ಕಡೆಯ ಈ ಭಾಗವನ್ನು ಬಹುಮಟ್ಟಿಗೆ ತೆಗೆದುಹಾಕಿದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ ೨೦೦೮ರಲ್ಲಿ ಮರಣ ಹೊಂದುವವರೆಗೆ ಹೊಸ ಸಂಗತಿ ಯಾವುದೂ ಆತನ ಮನಸ್ಸಿನಲ್ಲಿ ನಿಲ್ಲಲಿಲ್ಲ. ಬಾಲ್ಯದ ನೆನಪು, ಮಾತು, ಬುದ್ಧಿ ಉಳಿದಿದ್ದವು. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಆಕೃತಿಯನ್ನು ತಿದ್ದುವ ಅಭ್ಯಾಸವನ್ನು ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಆತನಿಂದ ಮಾಡಿಸಿದರು. ದಿನದಿಂದ ದಿನಕ್ಕೆ ಕೈ ಪಳಗಿತು. ಹಿಂದಿನ ದಿನ ಆ ಅಭ್ಯಾಸ ಮಾಡಿದ ನೆನಪು ಮಾತ್ರ ಇರಲಿಲ್ಲ. ಅಂಗಡಿಯ ಲೆಕ್ಕದ ಮಾತಿನಲ್ಲಿ ಹೇಳುವುದಾದರೆ, ಹಿಪೊಕ್ಯಾಂಪಸ್ ದಿನದಿನದ ಕಿರ್ದಿ, ಮಿದುಳಿನ ಹೊರಪದರ ಖಾತಾವಹಿ. ಕಿರ್ದಿ ನಿಂತುಹೋದರೆ ಹಳೆಯ ಖಾತೆ ಅಳಿಯದು, ಹೊಸ ಬಾಬತ್ತು ಏರದು. ಕೈ ಕಲಿತ ರೂಢಿಗೆ ಇನ್ನೊಂದೇ ಪುಸ್ತಕ.

ಮುಪ್ಪಿನಲ್ಲಿ ಈ ಕಿರ್ದಿ ಒಮ್ಮೆಲೇ ನಿಲ್ಲುವುದಿಲ್ಲ, ಮೆಲ್ಲನೆ ಸೊರಗುತ್ತದೆ. ಹಿಪೊಕ್ಯಾಂಪಸ್ ವರ್ಷಕ್ಕೆ ಸುಮಾರು ಶೇಕಡ ೧ರಿಂದ ೨ರಷ್ಟು ಕುಗ್ಗುತ್ತದೆ. ಬೇಕಾದ ನೆನಪನ್ನು ಹುಡುಕಿ ತೆಗೆಯಲು ನೆರವಾಗುವ, ಹಣೆಯ ಹಿಂದಿನ ಭಾಗವೂ ಕ್ಷೀಣಿಸುತ್ತದೆ. ನರಕೋಶಗಳ ನಡುವಿನ ಸಂಧಿಗಳು ದುರ್ಬಲವಾಗುತ್ತವೆ. ಆದುದರಿಂದ ಹೆಸರು ತಟ್ಟನೆ ಹೊಳೆಯದು. ಬೇರೊಬ್ಬರು ಹೇಳಿದೊಡನೆ ಗುರುತು ಸಿಗುತ್ತದೆ. ಬಾಲ್ಯದಲ್ಲಿ ಕಲಿತ ಪಂಚನಮಸ್ಕಾರ ಮಂತ್ರ, ಸ್ತೋತ್ರ, ಮಗ್ಗಿ ಬಹುಕಾಲ ಉಳಿಯುತ್ತವೆ. ಇದು ಸಹಜ ಮುಪ್ಪು.

ಉಂಡದ್ದೇ ನೆನಪಿಲ್ಲದಿರುವುದು, ಪರಿಚಿತ ಬೀದಿಯಲ್ಲಿ ದಾರಿ ತಪ್ಪುವುದು ಮಾತ್ರ ಸಹಜವಲ್ಲ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ ೧೯೦೬ರಲ್ಲಿ ವರ್ಣಿಸಿದ ರೋಗದಲ್ಲಿ ಮಿದುಳಿನೊಳಗೆ ಅಸಹಜ ಪ್ರೋಟೀನುಗಳು ಸಂಚಯವಾಗಿ, ಹಿಪೊಕ್ಯಾಂಪಸ್ ಮತ್ತು ಅದರ ನೆರೆಯ ಭಾಗಗಳು ಬೇಗನೆ ಹಾನಿಗೊಳ್ಳುತ್ತವೆ. ಆದರೆ ಮರೆವೆಲ್ಲವೂ ಈ ರೋಗವಲ್ಲ. ಥೈರಾಯ್ಡ್ ದೋಷ, ಮನೋವ್ಯಾಕುಲ, ಕೆಲವು ಔಷಧಗಳು, ಬಿ-೧೨ ಜೀವಸತ್ತ್ವದ ಕೊರತೆ ಇವುಗಳಿಂದಲೂ ಮರೆವು ಬರುತ್ತದೆ. ಸಸ್ಯಾಹಾರಿಗಳಲ್ಲಿ ಬಿ-೧೨ ಕೊರತೆ ಹೆಚ್ಚು. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿಯೂ ಕಡಿಮೆಯಾಗುತ್ತದೆ. ಇದು ರಕ್ತಪರೀಕ್ಷೆಯಿಂದ ತಿಳಿಯುವ, ಚಿಕಿತ್ಸೆಗೆ ಬಗ್ಗುವ ಕೊರತೆ. ಪರೀಕ್ಷೆಯನ್ನೇ ಮಾಡಿಸದೆ "ವಯಸ್ಸಾಯಿತು" ಎಂದು ಸುಮ್ಮನಿರುವುದೂ ಒಂದು ಬಗೆಯ ಪ್ರಮಾದ.

ಇಷ್ಟು ತಿಳಿದ ಮೇಲೆ ಮೊದಲಿನ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ನೆನಪಿಡಬಲ್ಲವನು ಆದರವಿಲ್ಲದೆ ಮರೆತರೆ ಅದು ಅತಿಚಾರ. ಟ್ರಸ್ಟಿನ ಲೆಕ್ಕ ಕೇಳಿದಾಗ "ಮರೆತುಹೋಯಿತು" ಎನ್ನುವ ಗಟ್ಟಿಮುಟ್ಟಾದ ಪದಾಧಿಕಾರಿಗೆ ಮುಪ್ಪಿನ ನೆಪ ಸಲ್ಲದು. ಆದರೆ ನೆನಪಿನ ಸಾಧನವೇ ಕಳಚಿದ ವೃದ್ಧರಲ್ಲಿ ಅನಾದರವಿಲ್ಲ, ಪ್ರಮಾದವೂ ಇಲ್ಲ. ಅಲ್ಲಿ ಎಚ್ಚರದ ಹೊಣೆ ನೆನಪು ಗಟ್ಟಿಯಾಗಿರುವವರ ಮೇಲೆ ಬೀಳುತ್ತದೆ. ಸಂಜೆ ಎಲ್ಲರೂ ಜೊತೆಗೆ ಕುಳಿತು ಉಣ್ಣುವುದು, ರಾತ್ರಿ ಅನ್ನ ಬೇಡಿದರೆ ಹೊರಗಿನ ಕತ್ತಲೆ ತೋರಿಸಿ ಮೃದುವಾಗಿ ಸ್ತೋತ್ರದ ಕಡೆಗೆ ಮನಸ್ಸನ್ನು ತಿರುಗಿಸುವುದು ಮನೆಯವರ ಧರ್ಮ. ಹಾಗೂ ಹಸಿವೆಂದು ಕಣ್ಣೀರು ತಂದರೆ, ನಿಯಮದ ಹೆಸರಿನಲ್ಲಿ ಗದರಿಸುವುದಕ್ಕಿಂತ ಒಂದು ಲೋಟ ಹಾಲು ಕೊಡುವುದು ಮೇಲು. ಇದನ್ನು ಒಪ್ಪದ ಶ್ರಾವಕರೂ ಇರಬಹುದು. ಆದರೆ "ಎಷ್ಟು ಸಲ ಹೇಳಬೇಕು?" ಎಂಬ ಕಟುವಚನದಿಂದ ಆಗುವ ನೋವು ಹಿಂಸೆಯಲ್ಲವೆಂದು ಯಾರೂ ಹೇಳಲಾರರು. ಆ ಮಾತನ್ನು ಹಿರಿಯರು ಮರೆಯಬಹುದು. ಆಡಿದವರಿಗೆ ಬಂಧ ತಪ್ಪದು.

ಹಿರಿಯರಿಗೂ ಒಂದು ಕರ್ತವ್ಯವುಂಟು. ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮ ಆಯುಸ್ಸು ಅಲ್ಪವೆಂದು ಅರಿತು, ಶ್ರುತ ಲೋಪವಾಗಬಾರದೆಂದು ಪುಷ್ಪದಂತ ಮತ್ತು ಭೂತಬಲಿ ಮುನಿಗಳನ್ನು ಕರೆಸಿಕೊಂಡು ತಮ್ಮಲ್ಲಿದ್ದ ಜ್ಞಾನವನ್ನು ಧಾರೆಯೆರೆದರೆಂದು ಪರಂಪರೆ ಹೇಳುತ್ತದೆ. ಅದರಿಂದ ಷಟ್ಖಂಡಾಗಮ ಗ್ರಂಥರೂಪ ತಳೆಯಿತು; ಅದರ ಧವಲಾ ಟೀಕೆಯ ತಾಳೆಗರಿಗಳನ್ನು ಮೂಡುಬಿದಿರೆ ಕಾಪಾಡಿಕೊಟ್ಟಿತು. ಬುದ್ಧಿ ತಿಳಿಯಾಗಿರುವಾಗಲೇ ಆಸ್ತಿಪತ್ರ, ಸಾಲ-ಬಾಕಿ, ಬಸದಿಯ ಬೀಗದ ಕೈ, ತಾವು ಹಿಡಿದ ವ್ರತಗಳ ವಿವರ ಇವನ್ನು ಬರೆದಿಟ್ಟು ಒಪ್ಪಿಸುವುದು ಮಮಕಾರವನ್ನು ಸಡಿಲಿಸುವ ಸಾಧನೆಯೂ ಹೌದು. ಹಾಗೆ ಒಪ್ಪಿಸಿದ ವ್ರತವನ್ನು ಅವರ ಪರವಾಗಿ ನೆನಪಿಡುವುದು ಮಕ್ಕಳ ಪಾಲಿನ ವೈಯಾವೃತ್ತ್ಯ.