ಪುರುಸೊತ್ತಿನ ಲೆಕ್ಕ

ನಮ್ಮ ಕಡೆಯ ಹೆಂಗಸರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತೊಂದಿದೆ: 'ಪುರುಸೊತ್ತಿಲ್ಲ ಮಾರಾಯ್ರೇ.' ಮದುವೆಮನೆಯಲ್ಲಿ ಊಟ ಮುಗಿಸಿ ಚಪ್ಪಲಿ ಹುಡುಕುವಾಗ ಇದೇ ಮಾತು. ಬಸ್ಸಿನಲ್ಲಿ ಸಿಕ್ಕ ಹಳೆಯ ಗೆಳತಿ ಇಳಿಯುವ ಗಡಿಬಿಡಿಯಲ್ಲಿ ಹೇಳುವುದೂ ಇದನ್ನೇ. 'ನನಗೆ ಪುರುಸೊತ್ತಿದೆ' ಎಂದು ಧೈರ್ಯವಾಗಿ ಹೇಳಿದ ಹೆಂಗಸನ್ನು ನಾನು ಕಂಡದ್ದು ಕಡಿಮೆ. ಗಂಡಸರು ಊಟವಾದ ಮೇಲೆ ಪೇಪರು ಹಿಡಿದು ಒರಗಿದರೆ ಯಾರೂ ಕಾರಣ ಕೇಳುವುದಿಲ್ಲ. ನಾವು ಅರ್ಧ ಗಂಟೆ ಅಡ್ಡಾದರೆ, ಯಾರು ಕೇಳದಿದ್ದರೂ 'ಸ್ವಲ್ಪ ತಲೆನೋವು' ಎಂದು ನಾವೇ ಒಂದು ಕಾರಣ ಸೇರಿಸಿಬಿಡುತ್ತೇವೆ. ವಿಶ್ರಾಂತಿಗೆ ನಮ್ಮಲ್ಲಿ ಯಾವಾಗಲೂ ಒಂದು ರಜಾ ಅರ್ಜಿ ಬೇಕು.

ಹಾಗಿರುವಾಗ ಸುಮ್ಮನೆ ಕುಳಿತು ಇನ್ನೊಬ್ಬರಿಂದ ಸೇವೆ ಮಾಡಿಸಿಕೊಳ್ಳುವುದು ಸರಿಯೇ ಎಂಬ ಪ್ರಶ್ನೆ ನಮ್ಮಂಥವರಿಗೆ ಸಣ್ಣದಲ್ಲ. ನನಗೆ ಈ ಪ್ರಶ್ನೆ ಎದುರಾದದ್ದು ಹಡಗಿನ ರೂಪದಲ್ಲಿ.

ನಾನಿರುವುದು ಕಾಟಿಪಳ್ಳದಲ್ಲಿ. ಈ ಊರಿಗೂ ಹಡಗಿಗೂ ಹಳೆಯ ನಂಟು. 1960ರ ದಶಕದಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟಲು ಜಾಗ ಬೇಕಾದಾಗ, ಅಲ್ಲಿಂದ ಎದ್ದು ಬಂದ ಕುಟುಂಬಗಳಿಗೆ ನೆಲೆಯಾದದ್ದು ಕಾಟಿಪಳ್ಳ ಮತ್ತು ಕೃಷ್ಣಾಪುರ. ಇಲ್ಲಿ ವಿಳಾಸ ಹೇಳುವವರು ಇಂದಿಗೂ ಇಂತಿಷ್ಟನೇ ಬ್ಲಾಕ್ ಎಂದೇ ಹೇಳುವುದು. ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. 1975ರ ಜನವರಿ 11ರಂದು ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಅಲೆಯ ಸದ್ದು ಕೇಳಿ ಬೆಳೆದ ಹಿರಿಯರು ಸಮುದ್ರ ಬಿಟ್ಟು ಒಳಗೆ ಬಂದರು. ಅವರು ಬಿಟ್ಟುಬಂದ ನೆಲದ ಬಳಿಗೆ ದೊಡ್ಡ ಹಡಗುಗಳು ಬಂದವು.

ಹಡಗೆಂದರೆ ನಮ್ಮ ಕರಾವಳಿಯವರಿಗೆ ಮೊದಲಿನಿಂದಲೂ ಹೊಟ್ಟೆಪಾಡು. ರಸ್ತೆ, ರೈಲು ಸರಿಯಾಗಿಲ್ಲದ ಕಾಲದಲ್ಲಿ ಇಲ್ಲಿಯ ಹುಡುಗರು ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆಯಲು ಹಡಗು ಹತ್ತಿ ಹೋದವರು. ಮೋಜಿಗಾಗಿ ಹಡಗು ಹತ್ತುವುದೆಂಬುದು ನಮ್ಮ ಅಜ್ಜಿಯರ ಕಲ್ಪನೆಯಲ್ಲೂ ಇರಲಿಲ್ಲ.

ಈಗ ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಪಣಂಬೂರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರುತ್ತವೆ. ಮುಂಬಯಿ, ಗೋವಾ ದಾಟಿ ಕೊಚ್ಚಿಗೆ ಹೋಗುವ ದಾರಿಯಲ್ಲಿ ಮಂಗಳೂರು ಒಂದು ಹಗಲಿನ ತಂಗುದಾಣ. ಕೊರೊನಾ ಕಾಲದ ಬಿಡುವಿನ ನಂತರ 2022ರ ನವೆಂಬರಿನಲ್ಲಿ ಮೊದಲು ಬಂದದ್ದು 'ಯುರೋಪಾ 2' ಎಂಬ ಹಡಗು. ಐದಾರು ಸಾವಿರ ಜನ ಹಿಡಿಸುವ, ತೇಲುವ ಪೇಟೆಯಂಥ ಹಡಗುಗಳು ಬೇರೆ. ಇದು ಆ ಜಾತಿಯದಲ್ಲ. ಹಿಡಿಸುವುದು ಸುಮಾರು 500 ಪ್ರಯಾಣಿಕರನ್ನು. ಅವರ ಸೇವೆಗೆ ಸುಮಾರು 370 ಸಿಬ್ಬಂದಿ. ಅಂದರೆ ನಾಲ್ವರು ಅತಿಥಿಗಳಿಗೆ ಮೂವರು ಕೆಲಸದವರು. ಸಣ್ಣ ಹಡಗಿನ ದುಡ್ಡು ಹೋಗುವುದು ಇಲ್ಲಿಗೇ. ನೂಕುನುಗ್ಗಲಿಲ್ಲ, ಸಾಲಿಲ್ಲ, ನಿಮ್ಮ ಹೆಸರು ಎಲ್ಲರಿಗೂ ಗೊತ್ತು, ನಿಮಗೇನು ಬೇಕೆಂದು ನೀವು ಹೇಳುವ ಮೊದಲೇ ತಿಳಿಯುತ್ತದೆ.

ಹಡಗಿನಿಂದ ಇಳಿದವರು ಕದ್ರಿ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡುತ್ತಾರೆ. ಅವರು ಹೋಗುವ ಇನ್ನೊಂದು ಜಾಗ ಗೇರುಬೀಜದ ಕಾರ್ಖಾನೆ. ಅಲ್ಲಿ ಸಾಲಾಗಿ ಕುಳಿತು ಬೀಜದ ಸಿಪ್ಪೆ ಬಿಡಿಸುವವರು ಹೆಚ್ಚಾಗಿ ನಮ್ಮಂಥ ಹೆಂಗಸರೇ. ಒಬ್ಬರ ರಜೆಯ ದಿನ ಇನ್ನೊಬ್ಬರ ದುಡಿತವೇ ನೋಡುವ ನೋಟವಾಗುತ್ತದೆ. ನೋಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಹಡಗಿನ ಒಳಗೆ ಮುಚ್ಚಿಟ್ಟಿರುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ, ಅಷ್ಟೆ.

ಇಂಥ ಸಣ್ಣ ಹಡಗೊಂದರಲ್ಲಿ ಹೋಗಿ ಬಂದವರ ಮಾತನ್ನು ನಾನು ನೇರವಾಗಿ ಕೇಳಿದ್ದು ನನ್ನ ದೊಡ್ಡತ್ತಿಗೆಯ ಬಾಯಿಂದ. ಬೆಂಗಳೂರಿನಲ್ಲಿರುವ ಅವರಿಗೆ ಅರವತ್ತು ತುಂಬಿದಾಗ ವಿದೇಶದಲ್ಲಿರುವ ಮಗ ಗ್ರೀಸಿನ ದ್ವೀಪಗಳನ್ನು ಸುತ್ತುವ ಏಳು ದಿನದ ಟಿಕೆಟ್ ತೆಗೆದುಕೊಟ್ಟ. ಹೋಗಿ ಬಂದ ಮೇಲೆ ಫೋನಿನಲ್ಲಿ ಅವರು ದ್ವೀಪಗಳ ವಿಷಯ ಎರಡು ಮಾತಿನಲ್ಲಿ ಮುಗಿಸಿದರು. ಬಿಳಿ ಮನೆಗಳು, ನೀಲಿ ಬಾಗಿಲುಗಳು, ಚಂದ ಉಂಟು. ಆಮೇಲೆ ದನಿ ತಗ್ಗಿಸಿ ಹೇಳಿದ್ದು ಚಾದ ವಿಷಯ.

'ಮೊದಲ ದಿನ ಶುಂಠಿ ಹಾಕಿ, ಸಕ್ಕರೆ ಇಲ್ಲದೆ, ಹಾಲು ಬೇರೆ ಕೊಡಿ ಅಂದಿದ್ದೆ. ಮರುದಿನ ಬೆಳಿಗ್ಗೆ ಕೇಳುವ ಮೊದಲೇ ಹಾಗೆಯೇ ಬಂತು ನೋಡು. ನನಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು. ನಲವತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ಒಬ್ಬರಿಗೂ ನಾನು ಚಾ ಹೇಗೆ ಕುಡಿಯುತ್ತೇನೆಂದು ಗೊತ್ತಿಲ್ಲ ಮಾರಾಯ್ತಿ.'

ಅಣ್ಣ ಕೆಟ್ಟವರಲ್ಲ. ಮಕ್ಕಳೂ ಒಳ್ಳೆಯವರು. ಅವರವರ ಚಾ ಹೇಗಿರಬೇಕೆಂದು ಅತ್ತಿಗೆಗೆ ಗೊತ್ತಿತ್ತು, ಅಷ್ಟರಲ್ಲಿ ಮನೆ ನಡೆಯುತ್ತಿತ್ತು.

ಅದೇ ವರ್ಷ ನಮ್ಮ ಓಣಿಯ ಹುಡುಗನೊಬ್ಬ ರಜೆಯಲ್ಲಿ ಬಂದಿದ್ದ. ಅವನದು ಇಂಥದೇ ಸಣ್ಣ ಹಡಗಿನಲ್ಲಿ ಕೋಣೆಗಳನ್ನು ನೋಡಿಕೊಳ್ಳುವ ಕೆಲಸ. ಅತ್ತಿಗೆಯ ಕಥೆ ಹೇಳಿದಾಗ ಅವನು ನಕ್ಕ. 'ಟೀಚರ್, ಅದನ್ನೆಲ್ಲ ನಾವು ಬರೆದಿಡುವುದು. ಯಾರಿಗೆ ಎರಡು ದಿಂಬು, ಯಾರಿಗೆ ಬಿಸಿನೀರು, ಯಾರ ಕಾಲಿಗೆ ನೋವು, ಎಲ್ಲ. ಮರೆತರೆ ಮೇಲಿನವರಿಂದ ಬೈಗುಳ.' ಒಮ್ಮೆ ಹೋದರೆ ಆರೇಳು ತಿಂಗಳು ಮನೆ ಕಾಣುವುದಿಲ್ಲ. ಮಲಗುವುದು ಕೆಳಗಿನ ಅಂತಸ್ತಿನ ಕಿಟಕಿಯಿಲ್ಲದ ಕೋಣೆಯಲ್ಲಿ, ಇನ್ನೊಬ್ಬನ ಜೊತೆ. ಅವನು ದೂರು ಹೇಳುತ್ತಿರಲಿಲ್ಲ. ತಂಗಿಯ ಮದುವೆ ಆ ಸಂಬಳದಿಂದಲೇ ಆದದ್ದು.

ಮಾತಿನ ನಡುವೆ ಅವನ ತಾಯಿ ಚಾ ತಂದಿಟ್ಟರು. ಅವನು ಕುಡಿದು ಲೋಟ ತೊಳೆಯಲು ಎದ್ದಾಗ ಅವರು ಕಸಿದುಕೊಂಡರು: 'ಅಲ್ಲಿ ತೊಳೆದದ್ದು ಸಾಲದಾ ಮಗಾ? ಕೂತುಕೋ.' 'ಅಮ್ಮ ಚಾಕ್ಕೆ ಸಕ್ಕರೆ ಎಷ್ಟು ಹಾಕಿಕೊಳ್ಳುತ್ತಾರೆ ಗೊತ್ತುಂಟಾ?' ಎಂದು ನಾನು ತಮಾಷೆಗೆ ಕೇಳಿದೆ. ಅವನು ಅಮ್ಮನ ಮುಖ ನೋಡಿದ. ಪರದೇಶದ ಎಷ್ಟೋ ಜನರ ಚಾ ಬಾಯಿಪಾಠವಿದ್ದವನಿಗೆ ಇದು ಗೊತ್ತಿರಲಿಲ್ಲ.

ಹಡಗಿನವರು ಸಾವಿರಾರು ರೂಪಾಯಿ ತೆಗೆದುಕೊಂಡು ಮಾರುವ ವಸ್ತು ಯಾವುದು ಎಂಬುದು ನನಗೆ ಆಗ ಸ್ಪಷ್ಟವಾಯಿತು. ನಮ್ಮ ಮನಸ್ಸು ಅರಿತು ನಡೆಯುವ ಒಂದು ಜೀವ, ಅದೇ ಅಲ್ಲಿ ಮಾರಾಟಕ್ಕಿರುವುದು. ಈ ವಸ್ತುವನ್ನು ನಮ್ಮ ಮನೆಗಳಲ್ಲಿ ಹೆಂಗಸರು ಮುಂಜಾನೆಯಿಂದ ರಾತ್ರಿಯವರೆಗೆ ಪುಕ್ಕಟೆಯಾಗಿ ಕೊಡುತ್ತಿದ್ದಾರೆ. ಪುಕ್ಕಟೆ ಸಿಕ್ಕುವುದರಿಂದ ಅದಕ್ಕೆ ಕೆಲಸವೆಂಬ ಹೆಸರೂ ಇಲ್ಲ. 'ಅಮ್ಮನಿಗೆ ಗೊತ್ತಿರುತ್ತದೆ' ಎಂದರೆ ಮುಗಿಯಿತು.

ಈ ವಿಷಯ ಮಾತಾಡುವಾಗ ಜನ ಮೂರು ಬಗೆಯಲ್ಲಿ ಉತ್ತರ ಹೇಳುತ್ತಾರೆ. ಹಣ ಕೊಟ್ಟಿದ್ದೇವೆ, ಲೆಕ್ಕ ಚುಕ್ತಾ ಎನ್ನುವವರು ಕೆಲವರು. ಇಂಥ ದುಬಾರಿ ಹಡಗುಗಳಲ್ಲಿ ಟಿಪ್ಸನ್ನು ಕೂಡ ಸಾಮಾನ್ಯವಾಗಿ ಮೊದಲೇ ಟಿಕೆಟ್ಟಿನಲ್ಲಿ ಸೇರಿಸಿರುತ್ತಾರೆ, ಕೈಯಿಂದ ಕೈಗೆ ಏನೂ ದಾಟಬೇಕಾಗಿಲ್ಲ. ಅನುಕೂಲವೇ. ಆದರೆ ಕೃತಜ್ಞತೆಯನ್ನೂ ಮುಂಗಡ ಕಟ್ಟಿಬಿಟ್ಟೆವು ಎಂದುಕೊಂಡರೆ, ಎದುರಿಗಿರುವವನ ಮುಖ ನೋಡುವ ಕೆಲಸವೂ ತಪ್ಪಿಹೋಗುತ್ತದೆ. ಹಣ ಋಣದ ಒಂದು ಭಾಗ ತೀರಿಸುತ್ತದೆ. ಅವನು ನಿದ್ದೆ ಮಾಡಿದ್ದಾನೋ ಇಲ್ಲವೋ ಎಂಬುದು ಹಣದಲ್ಲಿ ಬರುವುದಿಲ್ಲ.

ನಾವು ಹೋದರೆ ತಾನೆ ಅವರಿಗೆ ಉದ್ಯೋಗ ಎನ್ನುವವರು ಇನ್ನು ಕೆಲವರು. ಇದೂ ನಿಜ. ನಮ್ಮ ಓಣಿಯ ಹುಡುಗ ಇದನ್ನು ನನಗಿಂತ ಚೆನ್ನಾಗಿ ಬಲ್ಲ. ಆದರೆ ಅನ್ನ ಸಿಗುತ್ತದೆ ಎಂಬುದು, ಅನ್ನ ಗಳಿಸುವ ರೀತಿಯ ಬಗ್ಗೆ ಕೇಳಬಾರದು ಎಂಬುದಕ್ಕೆ ಕಾರಣವಾಗುವುದಿಲ್ಲ.

ಮೂರನೆಯ ಉತ್ತರ ನಮ್ಮ ಅಮ್ಮಂದಿರದು. ಕೂತು ಉಣ್ಣಬಾರದು, ನಮ್ಮ ಕೆಲಸ ನಾವೇ ಮಾಡಿಕೊಳ್ಳಬೇಕು, ಇನ್ನೊಬ್ಬರಿಂದ ಎಂಜಲು ಲೋಟ ಎತ್ತಿಸಬಾರದು. ಕೇಳಲು ತುಂಬ ಚೆನ್ನಾಗಿದೆ. ಆದರೆ ಈ ನೀತಿಯನ್ನು ನಮ್ಮ ಮನೆಗಳಲ್ಲಿ ಪಾಲಿಸಿದವರು ಹೆಂಗಸರು ಮಾತ್ರ. ತನ್ನ ಕೆಲಸದ ಜೊತೆಗೆ ಎಲ್ಲರ ಕೆಲಸವನ್ನೂ ಮಾಡಿದವಳಿಗೇ ಕೂತು ಉಣ್ಣಬಾರದೆಂಬ ಉಪದೇಶ! ಅಂಥವಳು ಏಳು ದಿನ ಕೂತು ಉಂಡರೆ ಯಾವ ಧರ್ಮಕ್ಕೂ ಲೋಪವಾಗದೆಂದು ನನಗನ್ನಿಸುತ್ತದೆ.

ಹಾಗಾದರೆ ಅಳತೆಗೋಲು ಯಾವುದು? ನನಗೆ ತೋಚುವುದು ಹಳ್ಳಿಯ ಮುಯ್ಯಾಳಿನ ಪದ್ಧತಿ. ಇವತ್ತು ನಾನು ನಿನ್ನ ಗದ್ದೆಗೆ ನೇಜಿ ನೆಡಲು ಬರುತ್ತೇನೆ, ನಾಳೆ ನೀನು ನನ್ನ ಗದ್ದೆಗೆ ಬಾ. ಅಲ್ಲಿ ಸೇವೆ ಮಾಡುವುದರಲ್ಲಿ ಕೀಳಿಲ್ಲ, ಮಾಡಿಸಿಕೊಳ್ಳುವುದರಲ್ಲಿ ಮೇಲಿಲ್ಲ. ಸರದಿ ಬರುತ್ತದೆ ಎಂಬ ಭರವಸೆ ಇದ್ದರೆ ಯಾವ ಕೆಲಸವೂ ಅವಮಾನವಲ್ಲ. ಕೆಲಸ ಮಾಡುವವನಿಗೂ ಕೂರುವ ಸರದಿ ಇದೆಯೇ ಎಂಬುದಷ್ಟೇ ಪ್ರಶ್ನೆ.

ಹಡಗಿನಲ್ಲಿ ಮುಯ್ಯಿ ತೀರಿಸಲಾಗದು. ಆ ಹುಡುಗ ಯಾವತ್ತೂ ಆ ಅತಿಥಿಯ ಮಂಚದ ಮೇಲೆ ಮಲಗುವುದಿಲ್ಲ. ಆದ್ದರಿಂದ ಅಲ್ಲಿ ಸರದಿಯ ಜಾಗದಲ್ಲಿ ಕಾನೂನು ಬಂದಿದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2006ರಲ್ಲಿ ರೂಪಿಸಿದ ಕಡಲ ಕಾರ್ಮಿಕರ ಒಪ್ಪಂದ 2013ರಲ್ಲಿ ಜಾರಿಗೆ ಬಂತು. ಭಾರತ ಅದಕ್ಕೆ 2015ರಲ್ಲಿ ಸೇರಿತು. ಅದರಲ್ಲಿ ವಿಶ್ರಾಂತಿಗೆ ಹಾಕಿದ ಗೆರೆ ಇದು: ದಿನದ 24 ಗಂಟೆಯಲ್ಲಿ 10 ಗಂಟೆಗೆ, ಏಳು ದಿನಗಳಲ್ಲಿ 77 ಗಂಟೆಗೆ ಕಡಿಮೆಯಾಗಬಾರದು. ಆ 10 ಗಂಟೆಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡಬಾರದು, ಒಂದು ತುಂಡು 6 ಗಂಟೆಯಾದರೂ ಇರಬೇಕು. ವಾರದ 168 ಗಂಟೆಯಲ್ಲಿ 77 ಕಳೆದರೆ ಉಳಿಯುವುದು 91. ಅಷ್ಟು ಹೊತ್ತು ದುಡಿಸಲು ದಾರಿ ಬಿಟ್ಟ ಕಾನೂನನ್ನು ಉದಾರವೆಂದು ಯಾರೂ ಹೇಳಲಾರರು. ಆದರೂ ಒಂದು ಗೆರೆಯಾದರೂ ಇದೆ.

ಮನೆಯಲ್ಲಿ? ನಮ್ಮ ಸರಕಾರವೇ 2024ರಲ್ಲಿ ದೇಶದ ಜನ ಹೊತ್ತು ಕಳೆಯುವ ಬಗೆಯನ್ನು ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ವಾರಕ್ಕೆ ಲೆಕ್ಕ ಹಾಕಿದರೆ ಹೆಂಗಸರ ಪಾಲು 33 ಗಂಟೆಗೂ ಹೆಚ್ಚು. ಹೊರಗೆ ದುಡಿಯುವವಳಾದರೆ ಆಫೀಸು, ಬಸ್ಸು ಇದರ ಮೇಲಿಂದ. ಅಲ್ಲಿ ಮುಯ್ಯಿಯೂ ಇಲ್ಲ, ಕಾನೂನೂ ಇಲ್ಲ. ಎಷ್ಟು ಗಂಟೆ ತುಂಡಾಗದ ನಿದ್ದೆ ಸಿಗಬೇಕೆಂದು ಅಡುಗೆಮನೆಯ ಗೋಡೆಯ ಮೇಲೆ ಯಾರೂ ಬರೆದು ಅಂಟಿಸಿಲ್ಲ.

ಆದ್ದರಿಂದ ಇಂಥ ಪ್ರವಾಸದ ಲಾಭ, ಅಲ್ಲಿ ಕಂಡದ್ದನ್ನು ಮನೆಗೆ ತಂದರೆ ಮಾತ್ರ. ಸೇವೆಯೆಂಬುದು ಕೆಲಸ, ಅದಕ್ಕೆ ಹೊತ್ತು ಹಿಡಿಯುತ್ತದೆ, ಮಾಡುವವರಿಗೆ ದಣಿವಾಗುತ್ತದೆ ಎಂಬುದನ್ನು ದುಡ್ಡು ಕೊಟ್ಟ ಜಾಗದಲ್ಲಿ ಕಣ್ಣಾರೆ ಕಂಡವಳು, ಪುಕ್ಕಟೆ ನಡೆಯುವ ಜಾಗದಲ್ಲಿ ಅದನ್ನು ಮರೆಯಬಾರದು. ನನ್ನ ಅತ್ತಿಗೆ ಮರೆಯಲಿಲ್ಲ. ಬಂದ ವಾರವೇ, ಭಾನುವಾರದ ಬೆಳಗಿನ ಚಾ ಇನ್ನು ತನ್ನ ಪಾಲಿನದಲ್ಲ ಎಂದು ಹೇಳಿಬಿಟ್ಟರಂತೆ. ಅಣ್ಣ ಮೊದಲ ವಾರ ಮಾಡಿದ ಚಾದಲ್ಲಿ ಸಕ್ಕರೆಯೇ ಸಕ್ಕರೆ. ಅತ್ತಿಗೆ ಏನೂ ಹೇಳದೆ ಕುಡಿದರು. ನಾಲ್ಕನೆಯ ವಾರ ಶುಂಠಿ ಬಿತ್ತು.

ಈಗ ನನ್ನ ಸರದಿ. ಮಗಳು ಹತ್ತು ದಿನದ ಅಂಥದೇ ಪ್ರಯಾಣಕ್ಕೆ ಕರೆಯುತ್ತಿದ್ದಾಳೆ. ಹೋಗುತ್ತೇನೆ ಎಂದಿದ್ದೇನೆ. ಕೋಣೆ ನೋಡಿಕೊಳ್ಳುವವರ ಹೆಸರು ಕೇಳಿ ತಿಳಿದುಕೊಳ್ಳಬೇಕು, ನಡುರಾತ್ರಿ ಸುಮ್ಮಸುಮ್ಮನೆ ಗಂಟೆ ಒತ್ತಬಾರದು ಎಂದು ನನಗೆ ನಾನೇ ನಿಯಮ ಹಾಕಿಕೊಂಡಿದ್ದೇನೆ.

ವಿಷಯ ತಿಳಿದ ದಿನ, ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆ ಬಾಗಿಲಲ್ಲಿ ನಿಂತು ಕೇಳಿದಳು: 'ಹಾಗಾದರೆ ಹತ್ತು ದಿನ ನನಗೂ ರಜೆಯಾ ಅಕ್ಕ?'

'ಹೌದು.'

'ಸಂಬಳ?'

'ಸಂಬಳವೂ ಉಂಟು.'

ಅವಳು ಸೆರಗಿನಿಂದ ಕೈ ಒರೆಸಿಕೊಂಡು ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. 'ಹಾಗಾದರೆ ತಾಯಿಮನೆಗೆ ಹೋಗಿ ಬರುತ್ತೇನೆ. ಹೋಗದೆ ಎರಡು ವರ್ಷ ಆಯಿತು.'

'ಹೋಗು,' ಎಂದೆ. 'ಆದರೆ ಅಲ್ಲಿಗೆ ಹೋಗಿ ಪಾತ್ರೆ ತೊಳೆಯಲು ಕೂರಬೇಡ.'